ಅಡ್ಡಿ ತೆಗೆದ ಮೇಲೂ ಮಗನ ಕಿಡ್ನಿ ಯಾಕೆ ಇಳಿಯುತ್ತಿದೆ? ಮೂತ್ರಕೋಶದ ಒಳಪದರದ ಬಗ್ಗೆ ಗೊತ್ತಿರುವವರು ಹೇಳಿ

ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ಕಿಡ್ನಿ ವಿಷಯದಲ್ಲಿ ಅನುಭವ ಇರುವವರು ಇಲ್ಲಿ ತುಂಬಾ ಜನ ಇದ್ದೀರಿ ಅಂತ ನಮ್ಮ ನಾದಿನಿ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗನಿಗೆ ಈಗ ಆರು ವರ್ಷ. ನಾನು ಗರ್ಭಿಣಿಯಾಗಿದ್ದಾಗ 32ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಎರಡೂ ಕಿಡ್ನಿ ನೀರು ತುಂಬಿ ಊದಿಕೊಂಡಿರುವುದು ಕಂಡಿತ್ತು. ಹುಟ್ಟಿದ ಮೇಲೆ ಕ್ಯಾತಿಟರ್ (ಉಚ್ಚೆ ಹೊರಗೆ ಬಿಡುವ ಸಣ್ಣ ನಳಿಗೆ) ಹಾಕಿ, ಮೂತ್ರಕೋಶಕ್ಕೆ ದ್ರವ ತುಂಬಿಸಿ ನೋಡುವ ಎಂಸಿಯು ಎಕ್ಸ್‌ರೇ ತೆಗೆದು, ಪಿಯುವಿ ಅಂದರು. ಗಂಡುಮಕ್ಕಳಲ್ಲಿ ಬರುವ ತೊಂದರೆ. ಉಚ್ಚೆ ಹೋಗುವ ದಾರಿಯಲ್ಲಿ ಕವಾಟದ ಹಾಗೆ ಒಂದು ತೆಳು ಪೊರೆ ಅಡ್ಡ ಇರುತ್ತದೆ. ಹನ್ನೆರಡನೇ ದಿನಕ್ಕೆ ಸಣ್ಣ ದುರ್ಬೀನು ಒಳಗೆ ಬಿಟ್ಟು ಆ ಪೊರೆಯನ್ನು ಸುಟ್ಟರು. ಮಗು ಜೋರಾಗಿ ಉಚ್ಚೆ ಹಾರಿಸಿದ ದಿನ ನಮ್ಮ ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರು.

ಒಂದು ವರ್ಷಕ್ಕೆ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕಸ) 0.5 ಇತ್ತು. ಎಲ್ಲ ಚೆನ್ನಾಗಿದೆ, ಜ್ವರ ಬಂದರೆ ಮಾತ್ರ ಬನ್ನಿ ಅಂತ ಆಗ ತೋರಿಸುತ್ತಿದ್ದ ಕಡೆ ಹೇಳಿದರು. ನಾವು ನಂಬಿದೆವು. ನಾಲ್ಕು ವರ್ಷ ಯಾರಿಗೂ ತೋರಿಸಲಿಲ್ಲ. ಹೋದ ತಿಂಗಳು ಚಳಿಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.1. ಲ್ಯಾಬ್ ರಿಪೋರ್ಟ್‌ನಲ್ಲಿ ಅದರ ಮುಂದೆ ನಾರ್ಮಲ್ ಅಂತಲೇ ಇದೆ. ಜ್ವರ ಇಳಿದು ಮೂರು ವಾರ ಆದ ಮೇಲೆ ಮತ್ತೆ ನೋಡಿದರೂ ಅಷ್ಟೇ. ಆದರೆ ಬೆಂಗಳೂರಿನ ಹೊಸ ಡಾಕ್ಟರು ಅದನ್ನು ನೋಡಿ ಸುಮ್ಮನಾಗಿಬಿಟ್ಟರು. ಆಮೇಲೆ ಹೇಳಿದ್ದು ಇಷ್ಟೇ: "ಅಡ್ಡಿ ಹೋಗಿದೆ ಅಮ್ಮ. ಆದರೆ ಮೂತ್ರಕೋಶದ ಗೋಡೆ, ಒಳಪದರ ಸರಿಹೋಗಿಲ್ಲ. ಇವನ ಕಿಡ್ನಿ ಉಳಿಯಬೇಕಾದರೆ ಅದನ್ನು ಮೊದಲು ನೋಡಬೇಕು."

ಹೊರಗೆ ಐವತ್ತು ಜನ ಕಾಯುತ್ತಿದ್ದರು. ಕೇಳಲು ನಾಲಿಗೆ ಬರಲಿಲ್ಲ. ಕಿಡ್ನಿ ಇರುವುದು ಮೇಲೆ, ಮೂತ್ರಕೋಶ ಕೆಳಗೆ. ಕೆಳಗಿನ ಚೀಲದ ಒಳಪದರಕ್ಕೂ ಮೇಲಿನ ಕಿಡ್ನಿಗೂ ಏನು ಸಂಬಂಧ? ತಪ್ಪು ನಮ್ಮದಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ವಾರ್ಡ್ ಅಕ್ಕ

ತಂಗಿ, ಮೊದಲು ಒಂದು ಲೋಟ ನೀರು ಕುಡಿದು ಕೂತುಕೊಳ್ಳಿ. ನಾನು ಮಕ್ಕಳ ಸರ್ಜರಿ ವಾರ್ಡ್‌ನಲ್ಲಿ 19 ವರ್ಷ ನರ್ಸ್ ಆಗಿದ್ದೇನೆ. ಪಿಯುವಿ ಮಕ್ಕಳನ್ನು ತುಂಬಾ ನೋಡಿದ್ದೇನೆ. ಸಾವಿರಾರು ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ನೀವು ತಿಂದದ್ದರಿಂದ ಬಂದದ್ದಲ್ಲ, ಮಾಡಿದ್ದರಿಂದ ಬಂದದ್ದಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿದ್ದಾಗಲೇ ಅಡ್ಡಿ ಇತ್ತು ಅಲ್ವಾ, ಆಗಲೇ ಕಿಡ್ನಿ ಬೆಳೆಯುವಾಗ ಸ್ವಲ್ಪ ಭಾಗ ಸರಿಯಾಗಿ ರೂಪುಗೊಂಡಿರುವುದಿಲ್ಲ. ಅದನ್ನು ಯಾರೂ ವಾಪಸ್ ತರಲು ಆಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಆ ನಾಲ್ಕು ವರ್ಷದ ತಲೆಗೆ ಕಟ್ಟಬೇಡಿ. ಉಳಿದಿರುವ ಕಿಡ್ನಿಯನ್ನು ಕಾಪಾಡುವುದು ಮಾತ್ರ ನಮ್ಮ ಕೈಯಲ್ಲಿ ತುಂಬಾ ಇದೆ.

ಲ್ಯಾಬ್ ರಿಪೋರ್ಟ್‌ನಲ್ಲಿ ನಾರ್ಮಲ್ ಅಂತ ಬರುವುದು ದೊಡ್ಡವರ ಲೆಕ್ಕ. ಮಕ್ಕಳಿಗೆ ಎತ್ತರ ಸೇರಿಸಿ ನೋಡಬೇಕು. ಎತ್ತರ ಸೆಂಟಿಮೀಟರ್‌ನಲ್ಲಿ, ಅದನ್ನು 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿ. ನಿಮ್ಮ ಮಗ ಎಷ್ಟು ಎತ್ತರ ಇದ್ದಾನೆ ಹೇಳಿ.

ತೆಂಗಿನತೋಟ

112 ಸೆಂ.ಮೀ. ಅಕ್ಕ. ಒಂದು ವರ್ಷ ಇದ್ದಾಗ 74 ಅಂತ ಅಂಗನವಾಡಿ ಕಾರ್ಡ್‌ನಲ್ಲಿ ಬರೆದಿದೆ.

ವಾರ್ಡ್ ಅಕ್ಕ

ಹಾಗಾದರೆ ಒಂದು ವರ್ಷದಲ್ಲಿ ಸುಮಾರು 61. ಈಗ ಸುಮಾರು 42. ಇದು ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂದಾಜು. 30ರಿಂದ 59ರ ನಡುವೆ ಇದ್ದರೆ ಕಿಡ್ನಿ ಕಾಯಿಲೆಯ ಮೂರನೇ ಹಂತ ಅನ್ನುತ್ತಾರೆ. ಡಾಕ್ಟರು ಸುಮ್ಮನಾದದ್ದು ಅದಕ್ಕೇ ಇರಬೇಕು. 1.1 ಅನ್ನುವುದು ನನ್ನಂಥ ಐವತ್ತರ ಹೆಂಗಸಿಗೂ ಸ್ವಲ್ಪ ಜಾಸ್ತಿಯೇ. ಆರು ವರ್ಷದ ಹುಡುಗನಿಗೆ ಅದು ಖಂಡಿತ ನಾರ್ಮಲ್ ಅಲ್ಲ.

ಒಳಪದರದ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ಸೂಕ್ಷ್ಮದರ್ಶಕ ಸರ್, ಬನ್ನಿ.

ಸೂಕ್ಷ್ಮದರ್ಶಕ

ಬಂದೆ ಅಕ್ಕ. ನಾನು ಸ್ಲೈಡ್ ನೋಡುವ ಕೆಲಸದಲ್ಲಿ ಇರುವವನು, ಚಿಕಿತ್ಸೆ ಕೊಡುವವನಲ್ಲ. ಮದ್ದಿನ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ಈ ಪದರವನ್ನು ದಿನಾ ನೋಡುತ್ತೇನೆ. ಅದರ ಮೇಲೆ ನನಗೆ ಬಹಳ ಗೌರವ ಇದೆ.

ಕಿಡ್ನಿಯ ಒಳಗೆ ಉಚ್ಚೆ ತೊಟ್ಟಿಕ್ಕುವ ಲಾಳಿಕೆಯಂಥ ಜಾಗ ಇದೆ. ಅಲ್ಲಿಂದ ಹಿಡಿದು, ಕೆಳಗಿಳಿಯುವ ಎರಡು ನಾಳ, ಮೂತ್ರಕೋಶ, ಅದರಾಚೆಯ ದಾರಿಯ ಮೊದಲ ಭಾಗ, ಇಷ್ಟಕ್ಕೂ ಒಂದೇ ಜಾತಿಯ ಒಳಪದರ. ಯೂರೋಥೀಲಿಯಂ ಅಂತ ಹೆಸರು. ಅಂದರೆ ಮೇಲೆ ಕಿಡ್ನಿ, ಕೆಳಗೆ ಚೀಲ ಅಂತ ನಾವು ಬೇರೆ ಮಾಡಿ ನೋಡಿದರೂ ಒಳಗಿನ ಲೆಕ್ಕದಲ್ಲಿ ಅದು ಒಂದೇ ಮನೆ.

ಖಾಲಿ ಮೂತ್ರಕೋಶದ ಸ್ಲೈಡ್ ಇಟ್ಟು ನೋಡಿದರೆ ಐದಾರು ಸಾಲು ಕೋಶಗಳು ಕಾಣುತ್ತವೆ. ಕೆಳಗಿನವು ಸಣ್ಣವು, ಒತ್ತಾಗಿ ಇರುತ್ತವೆ. ಮೇಲಿನ ಸಾಲಿನವು ದೊಡ್ಡವು, ಕೆಳಗಿನ ಹಲವು ಕೋಶಗಳ ಮೇಲೆ ಕೊಡೆ ಹಿಡಿದ ಹಾಗೆ ಹರಡಿಕೊಂಡಿರುತ್ತವೆ. ಹೆಸರೂ ಅದೇ, ಕೊಡೆ ಕೋಶ. ಅವುಗಳ ಮೇಲ್ಮೈಯ ಬಹುಪಾಲು, ನೂರಕ್ಕೆ ಸುಮಾರು 90 ಭಾಗ, ಯೂರೋಪ್ಲಾಕಿನ್ ಅನ್ನುವ ಪ್ರೋಟೀನಿನ ಗಟ್ಟಿ ಬಿಲ್ಲೆಗಳಿಂದ ಮುಚ್ಚಿದೆ. ಮಂಗಳೂರು ಹಂಚು ಹೊದಿಸಿದ ಮಾಡು ಜ್ಞಾಪಿಸಿಕೊಳ್ಳಿ. ಬಿಲ್ಲೆ ಗಟ್ಟಿ, ಬಿಲ್ಲೆ ಬಿಲ್ಲೆಯ ನಡುವಿನ ಸಂದು ಮಾತ್ರ ಮಡಚುತ್ತದೆ. ಕೋಶದ ಒಳಗೆ ಇನ್ನೂ ಒಂದಷ್ಟು ಬಿಲ್ಲೆಗಳು ಸಣ್ಣ ಚೀಲಗಳಾಗಿ ಮಡಚಿ ಇಟ್ಟಿರುತ್ತವೆ. ಮೂತ್ರಕೋಶ ತುಂಬುತ್ತಾ ಬಂದರೆ ಅವು ಮೇಲೆ ಬಂದು ತೆರೆದುಕೊಳ್ಳುತ್ತವೆ, ಮಾಡು ಅಗಲ ಆಗುತ್ತದೆ. ಉಚ್ಚೆ ಹೋದ ಮೇಲೆ ಮತ್ತೆ ಒಳಗೆ ಹೋಗುತ್ತವೆ. ಬದುಕಿರುವಷ್ಟು ದಿನ, ದಿನಕ್ಕೆ ಆರೇಳು ಸಲ ಈ ಕೆಲಸ.

ಇಷ್ಟೆಲ್ಲ ಯಾಕೆ ಬೇಕು? ಕಿಡ್ನಿ ಕಷ್ಟಪಟ್ಟು ರಕ್ತದಿಂದ ಹೊರಗೆ ಹಾಕಿದ ಯೂರಿಯಾ, ಆಮ್ಲ, ಪೊಟ್ಯಾಸಿಯಂ ಗಂಟೆಗಟ್ಟಲೆ ಈ ಚೀಲದಲ್ಲಿ ಕೂತಿರುತ್ತದೆ. ಅದು ಮತ್ತೆ ರಕ್ತಕ್ಕೆ ಸೋರಬಾರದು. ಯೂರೋಪ್ಲಾಕಿನ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದ್ದಾರೆ. ಅವುಗಳ ಮೂತ್ರಕೋಶ ನೀರನ್ನೂ ಯೂರಿಯಾವನ್ನೂ ಒಳಗೆ ಬಿಟ್ಟುಕೊಂಡಿತು. ಅಷ್ಟೇ ಅಲ್ಲ, ಉಚ್ಚೆ ಹಿಂದಕ್ಕೆ ಕಿಡ್ನಿಗೆ ಏರಿತು, ಕಿಡ್ನಿ ಊದಿತು. ಪದರದ ಒಂದು ಪ್ರೋಟೀನ್ ಕೆಟ್ಟರೆ ಕಿಡ್ನಿಯೇ ಹಾಳಾಗಬಹುದು ಅಂತ ಅಲ್ಲೇ ಗೊತ್ತಾಯಿತು.

ಈಗ ನಿಮ್ಮ ಮಗನ ವಿಷಯ. ಹೊಟ್ಟೆಯಲ್ಲಿದ್ದಾಗ ಮುಚ್ಚಿದ ಬಾಗಿಲಿನ ವಿರುದ್ಧ ಅವನ ಮೂತ್ರಕೋಶ ತಿಂಗಳುಗಟ್ಟಲೆ ತಳ್ಳಿದೆ. ಗರಡಿಯಲ್ಲಿ ಸಾಮು ಮಾಡಿದ ತೋಳಿನ ಹಾಗೆ ಅದರ ಸ್ನಾಯು ದಪ್ಪ ಆಗಿದೆ, ನಡುವೆ ನಾರು ಬೆಳೆದಿದೆ. ಬಾಗಿಲು ತೆಗೆದರೂ ಆ ಗಡಸು ಹೋಗುವುದಿಲ್ಲ. ಗಡಸು ಚೀಲ ಹಿಗ್ಗುವುದಿಲ್ಲ, ಸ್ವಲ್ಪ ತುಂಬಿದರೂ ಒಳಗೆ ಒತ್ತಡ ಏರುತ್ತದೆ. ಆ ಒತ್ತಡ 40 ಸೆಂ.ಮೀ. ನೀರಿನ ಮಟ್ಟ ದಾಟಿ ನಿಂತರೆ ಮೇಲಿನಿಂದ ಉಚ್ಚೆ ಇಳಿಯುವುದು ಕಷ್ಟ. ಕಿಡ್ನಿಗೆ ಅಪಾಯ ಶುರುವಾಗುವ ಗೆರೆ ಅಂತ ಯೂರಾಲಜಿಯವರು, ಅಂದರೆ ಮೂತ್ರದ ದಾರಿಯ ಡಾಕ್ಟರುಗಳು, ಅದನ್ನೇ ಹಿಡಿಯುತ್ತಾರೆ. ಎಳೆದಷ್ಟೂ ಒಳಪದರ ನರಗಳಿಗೆ ಎಟಿಪಿ ಅನ್ನುವ ರಾಸಾಯನಿಕದ ಮೂಲಕ ಸುದ್ದಿ ಕಳಿಸುತ್ತದೆ. ಅದು ಸುಮ್ನೆ ಕೂತಿರುವ ಬಟ್ಟೆ ಅಲ್ಲ, ಕಾವಲುಗಾರ.

ಒತ್ತಡ ಕಿಡ್ನಿಯ ಲಾಳಿಕೆಗೆ ಮುಟ್ಟಿದಾಗ ಆಗುವುದು ನನಗೆ ಎಲ್ಲಕ್ಕಿಂತ ಆಶ್ಚರ್ಯದ್ದು. ಮಾಮೂಲಿಯಾಗಿ ಅಲ್ಲಿನ ಪದರ ಮೂತ್ರಕೋಶದ್ದಕ್ಕಿಂತ ತೆಳ್ಳಗೆ. ಇಲಿಗಳಲ್ಲಿ ನಾಳ ಕಟ್ಟಿದರೆ ಕೆಲವೇ ದಿನದಲ್ಲಿ ಆ ಪದರ ದಪ್ಪ ಆಗುತ್ತದೆ, ಯೂರೋಪ್ಲಾಕಿನ್ ಹೊದಿಸಿಕೊಳ್ಳುತ್ತದೆ, ಮೂತ್ರಕೋಶದ ಪದರದ ಹಾಗೆ ಆಗಿಬಿಡುತ್ತದೆ. ಓಹಾಯೊದ ಕೊಲಂಬಸ್‌ನ ಸಂಶೋಧಕರು 2018ರಲ್ಲಿ ತೋರಿಸಿದ್ದು ಇದನ್ನೇ: ಹಾಗೆ ಹೊದಿಸಿಕೊಳ್ಳಲು ಆಗದ ಇಲಿಗಳಲ್ಲಿ ಕಿಡ್ನಿಯ ತಿರುಳು ಜಾಸ್ತಿ ಹಾಳಾಯಿತು. ಅಂದರೆ ನೆರೆ ಬಂದಾಗ ಪದರ ತಾನೇ ಕಟ್ಟೆ ಕಟ್ಟುತ್ತದೆ.

ಆದರೆ ಕಟ್ಟೆಗೂ ಒಂದು ಮಿತಿ ಇದೆ. ಒತ್ತಡ ವರ್ಷಗಟ್ಟಲೆ ನಿಂತರೆ ಕಿಡ್ನಿಯ ಸಣ್ಣ ಕೊಳವೆಗಳು ಹಿಗ್ಗಿ, ಸಾಯುತ್ತವೆ. ಆ ಜಾಗದಲ್ಲಿ ನಾರು ತುಂಬುತ್ತದೆ. ನಾರು ತುಂಬಿದ ಜಾಗ ಸೋಸುವುದಿಲ್ಲ.

ಎರಡು ಕಿಡ್ನಿ ಒಂದು ಕಥೆ

ಸರ್, ಓದಿ ಕಣ್ಣಲ್ಲಿ ನೀರು ಬಂತು. ನನಗೆ ಈಗ 41. ಚಿಕ್ಕವಳಿದ್ದಾಗ ಪದೇ ಪದೇ ಚಳಿಜ್ವರ ಬರುತ್ತಿತ್ತು. ಪ್ರತಿ ಸಲ ಮಲೇರಿಯಾ ಮಾತ್ರೆ ಕೊಡುತ್ತಿದ್ದರು. ಯಾರೂ ಉಚ್ಚೆ ಪರೀಕ್ಷೆ ಮಾಡಿಸಲಿಲ್ಲ. 26ರಲ್ಲಿ ಬಸುರಿ ಆದಾಗ ಬಿಪಿ 170 ಬಂತು. ಸ್ಕ್ಯಾನ್ ಮಾಡಿದರೆ ಒಂದು ಕಿಡ್ನಿ ಚಿಕ್ಕದು, ಇನ್ನೊಂದರಲ್ಲಿ ಕಲೆಗಳು. ಹುಟ್ಟಿನಿಂದ ಉಚ್ಚೆ ಹಿಂದಕ್ಕೆ ಏರುತ್ತಿತ್ತಂತೆ. ಈಗ ನಾಲ್ಕನೇ ಹಂತದಲ್ಲಿದ್ದೇನೆ.

ನನ್ನ ಪ್ರಶ್ನೆ ಇದು. ಸೋಂಕು ಬಂದರೆ ಪದರಕ್ಕೆ ಏನಾಗುತ್ತದೆ? ನನ್ನ ತಂಗಿ ಮಗಳಿಗೂ ಇದೇ ತೊಂದರೆ ಇದೆ, ಅವಳಿಗೆ ದಿನಾ ರಾತ್ರಿ ಸಣ್ಣ ಡೋಸ್ ಆಂಟಿಬಯಾಟಿಕ್ ಕೊಡುತ್ತಿದ್ದಾರೆ.

ಸೂಕ್ಷ್ಮದರ್ಶಕ

ಅಕ್ಕಾ, ನಿಮ್ಮ ಕಥೆ ಓದಿ ತುಂಬಾ ಬೇಸರ ಆಯಿತು. ಒಂದು ಉಚ್ಚೆ ಪರೀಕ್ಷೆ ಎಷ್ಟು ಉಳಿಸಬಹುದಿತ್ತು.

ಈ ಸೋಂಕುಗಳಲ್ಲಿ ಬಹುಪಾಲು ಇ. ಕೊಲಿ ಬ್ಯಾಕ್ಟೀರಿಯಾದಿಂದ. ಅದರ ಮೈಮೇಲಿನ ಕೂದಲಿನ ತುದಿಯಲ್ಲಿ ಫಿಮ್‌ಎಚ್ ಅನ್ನುವ ಕೊಕ್ಕೆ ಇದೆ. ಆ ಕೊಕ್ಕೆ ಹಿಡಿಯುವುದು ನಾನು ಹೇಳಿದ ಅದೇ ಹಂಚಿನ ಬಿಲ್ಲೆಯನ್ನು, ಯೂರೋಪ್ಲಾಕಿನ್ ಒಂದು-ಎ ಅನ್ನುವುದನ್ನು. ಹಿಡಿದು ಕೊಡೆ ಕೋಶದ ಒಳಗೇ ನುಗ್ಗಿ ಅಲ್ಲಿ ಗುಂಪಾಗಿ ಬೆಳೆಯುತ್ತದೆ. ಆಗ ಪದರ ಒಂದು ದೊಡ್ಡ ತ್ಯಾಗ ಮಾಡುತ್ತದೆ. ಸೋಂಕು ತಗುಲಿದ ಕೊಡೆ ಕೋಶವನ್ನು ಕಿತ್ತು ಉಚ್ಚೆಯಲ್ಲಿ ಬಿಟ್ಟುಬಿಡುತ್ತದೆ. ಮಾಮೂಲಿ ದಿನಗಳಲ್ಲಿ ಈ ಪದರ ತಿಂಗಳುಗಟ್ಟಲೆ ಬದಲಾಗುವುದಿಲ್ಲ. ಗಾಯ ಆದರೆ ಮಾತ್ರ ಕೆಳಗಿನ ಕೋಶಗಳು ಎದ್ದು ಕೆಲವೇ ದಿನದಲ್ಲಿ ಮೇಲೆ ಬಂದು ಮುಚ್ಚುತ್ತವೆ. ಕಿಡ್ನಿಯೂ ಸಹಾಯ ಮಾಡುತ್ತದೆ. ಅದು ಯೂರೋಮಾಡ್ಯುಲಿನ್ ಅನ್ನುವ ಪ್ರೋಟೀನನ್ನು ಉಚ್ಚೆಗೆ ಬಿಡುತ್ತದೆ. ಬ್ಯಾಕ್ಟೀರಿಯಾದ ಕೊಕ್ಕೆ ಅದನ್ನೇ ಹಂಚು ಅಂತ ತಿಳಿದು ಕಚ್ಚಿಕೊಂಡು, ಉಚ್ಚೆಯ ಜೊತೆ ಹೊರಗೆ ಹೋಗುತ್ತದೆ. ನೋಡಿ, ಮೇಲಿನದು ಕೆಳಗಿನದನ್ನು ಕಾಯುತ್ತದೆ, ಕೆಳಗಿನದು ಮೇಲಿನದನ್ನು ಕಾಯುತ್ತದೆ.

ರಾತ್ರಿ ಡೋಸ್ ವಿಷಯಕ್ಕೆ ಒಂದು ದೊಡ್ಡ ಪ್ರಯೋಗ ಇದೆ. ಉಚ್ಚೆ ಹಿಂದಕ್ಕೆ ಏರುವ 607 ಮಕ್ಕಳ ಮೇಲೆ ಅಮೆರಿಕದಲ್ಲಿ ಎರಡು ವರ್ಷ ನಡೆಯಿತು, ಫಲಿತಾಂಶ 2014ರಲ್ಲಿ ಬಂತು. ಮದ್ದು ಕೊಟ್ಟವರಲ್ಲಿ ಸೋಂಕು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಕಿಡ್ನಿಯ ಕಲೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಮತ್ತೆ ಸೋಂಕು ಬಂದಾಗ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಮದ್ದು ಕೊಟ್ಟವರಲ್ಲೇ ಜಾಸ್ತಿ. ಹಾಗಂತ ನಿಮ್ಮ ತಂಗಿ ಮಗಳ ಮದ್ದು ನಿಲ್ಲಿಸಬೇಡಿ. ಏರುವಿಕೆ ಎಷ್ಟು ಜಾಸ್ತಿ, ಜ್ವರ ಎಷ್ಟು ಸಲ ಬಂದಿದೆ ಅನ್ನುವುದರ ಮೇಲೆ ಡಾಕ್ಟರು ತೀರ್ಮಾನ ಮಾಡಿರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಜ್ವರ ಬಂದ ದಿನವೇ ಉಚ್ಚೆಯನ್ನು, ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಕಲ್ಚರ್‌ಗೆ ಕೊಟ್ಟು ಮದ್ದು ಶುರು ಮಾಡುವುದು ರಾತ್ರಿಯ ಮಾತ್ರೆಯಷ್ಟೇ ಮುಖ್ಯ. ಕಲೆ ಆಗುವುದು ತಡ ಮಾಡಿದ ದಿನಗಳಲ್ಲಿ.

ಹದಿನಾಲ್ಕರ ಅಪ್ಪ

ಹುಬ್ಬಳ್ಳಿ ಕಡೆಯವನು. ನನ್ನ ಮಗನೂ ಪಿಯುವಿ. ಈಗ 14. ತಂಗಿ, ನಿಮ್ಮ ಮಗನ ವಯಸ್ಸಿನಲ್ಲಿ ನಾವು ನೀವು ನಿಂತ ಜಾಗದಲ್ಲೇ ನಿಂತಿದ್ದೆವು.

ಒಂದು ಪ್ರಶ್ನೆ. ಅವನು ನೀರು ಜಾಸ್ತಿ ಕುಡಿಯುತ್ತಾನಾ? ರಾತ್ರಿ ಎದ್ದು ಕುಡಿಯುತ್ತಾನಾ? ಉಚ್ಚೆ ನೀರಿನ ಹಾಗೆ ಬಣ್ಣವೇ ಇಲ್ಲದೆ ಇರುತ್ತದಾ?

ತೆಂಗಿನತೋಟ

ಹೌದು ಅಣ್ಣ! ತಲೆದಿಂಬಿನ ಹತ್ತಿರ ಚೊಂಬು ಇಟ್ಟುಕೊಂಡು ಮಲಗುತ್ತಾನೆ. ಹಾಸಿಗೆ ಒದ್ದೆ ಮಾಡುತ್ತಾನೆ ಅಂತ ನಾನೇ ಎಷ್ಟೋ ಸಲ ಬೈದಿದ್ದೇನೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹದಿನಾಲ್ಕರ ಅಪ್ಪ

ಇದೆ. ಇನ್ನು ಬೈಯಬೇಡಿ. ಹಳೇ ಒತ್ತಡದಿಂದ ಈ ಮಕ್ಕಳ ಕಿಡ್ನಿಗೆ ಉಚ್ಚೆಯನ್ನು ಗಟ್ಟಿ ಮಾಡುವ ಶಕ್ತಿ ಹೋಗಿರುತ್ತದೆ. ರಾಶಿ ನೀರು ಹೊರಗೆ ಹೋಗುತ್ತದೆ. ಬಾಯಾರಿಕೆ ಆಗುತ್ತದೆ, ಕುಡಿಯುತ್ತಾರೆ. ನೀರು ತಡೆದರೆ ಒಣಗಿಹೋಗುತ್ತಾರೆ, ತಡೆಯಲೇಬಾರದು. ಆದರೆ ಗಡಸು ಚೀಲಕ್ಕೆ ಅಷ್ಟು ನೀರು ಬಂದರೆ? ಹಗಲು ಹೇಗೋ ಎರಡು ಗಂಟೆಗೆ ಒಮ್ಮೆ ಹೋಗುತ್ತಾರೆ. ರಾತ್ರಿ ಎಂಟು ಒಂಬತ್ತು ಗಂಟೆ ಚೀಲ ತುಂಬಿ, ಹಿಗ್ಗಿ, ಕಿಡ್ನಿಯವರೆಗೂ ನಿಂತಿರುತ್ತದೆ. ಕಿಡ್ನಿ ಹಾಳಾಗುವುದು ನಾವೆಲ್ಲ ಮಲಗಿದ್ದಾಗ.

ನಮಗೆ ಇದನ್ನು ಬಿಡಿಸಿ ಹೇಳಿದ ಡಾಕ್ಟರು, ಕೊಲಂಬಸ್‌ನ ಯೂರಾಲಜಿಯವರು 2002ರಲ್ಲಿ ಬರೆದ ವಿಚಾರ ಇದು ಅಂದರು. ರಾತ್ರಿ ಕ್ಯಾತಿಟರ್ ಹಾಕಿ ಚೀಲವನ್ನು ಖಾಲಿ ಇಟ್ಟರೆ ಊದಿದ ಕಿಡ್ನಿ ಇಳಿಯುತ್ತದೆ ಅಂತ. ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ರಾತ್ರಿ ಹತ್ತಕ್ಕೆ ಅದೇ ಕೆಲಸ. ಕೈ ಸೋಪಿನಲ್ಲಿ ತೊಳೆ, ಜೆಲ್ ಹಚ್ಚು, ಕ್ಯಾತಿಟರ್ ಹಾಕು, ಟೇಪ್ ಅಂಟಿಸು, ಬ್ಯಾಗ್ ಮಂಚದ ಕೆಳಗೆ ತೂಗಿಹಾಕು. ಮೊದಲ ಬೆಳಗ್ಗೆ ಬ್ಯಾಗ್ ಎತ್ತಿ ನೋಡಿದರೆ 900 ಮಿಲಿ. ಆರು ವರ್ಷದ ಹುಡುಗನ ಚೀಲ ಹಿಡಿಯಬೇಕಾದದ್ದು ಸುಮಾರು 210. ಉಳಿದದ್ದು ಅಷ್ಟು ವರ್ಷ ಎಲ್ಲಿ ನಿಲ್ಲುತ್ತಿತ್ತು ಅಂತ ಬ್ಯಾಗ್ ಹಿಡಿದುಕೊಂಡೇ ಅತ್ತುಬಿಟ್ಟೆ. ಮೂರು ತಿಂಗಳಿಗೆ ಸ್ಕ್ಯಾನ್‌ನಲ್ಲಿ ಊತ ಕಣ್ಣಿಗೆ ಕಾಣುವಷ್ಟು ಇಳಿದಿತ್ತು.

ವಾರ್ಡ್ ಅಕ್ಕ

ಅಣ್ಣ ಹೇಳಿದ್ದು ನೂರಕ್ಕೆ ನೂರು. ತಂಗಿ, ಈ ಭಾನುವಾರ ಒಂದು ಕೆಲಸ ಮಾಡಿ. ಅಡುಗೆಮನೆಯ ಅಳತೆ ಲೋಟ ಒಂದನ್ನು ಇದಕ್ಕೇ ಬೇರೆ ಇಡಿ. ಬೆಳಗ್ಗೆ ಎದ್ದಾಗಿನಿಂದ ರಾತ್ರಿವರೆಗೆ ಅವನು ಎಷ್ಟು ಗಂಟೆಗೆ ಹೋದ, ಎಷ್ಟು ಮಿಲಿ ಬಂತು, ಎಷ್ಟು ನೀರು ಕುಡಿದ, ಚಡ್ಡಿ ಒದ್ದೆ ಆಯಿತಾ, ಎಲ್ಲ ಬರೆಯಿರಿ. ಉಚ್ಚೆಗೆ ಹೋದ ಐದು ನಿಮಿಷಕ್ಕೆ ಮತ್ತೆ ಹೋಗಲು ಹೇಳಿ, ಎರಡನೇ ಸಲ ಎಷ್ಟು ಬಂತು ಅಂತಲೂ ಬರೆಯಿರಿ. ಆ ಒಂದು ಹಾಳೆ ಡಾಕ್ಟರ ಹತ್ತಿರ ಹತ್ತು ನಿಮಿಷದ ಮಾತು ಉಳಿಸುತ್ತದೆ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಚೀಲ ಎಷ್ಟು ಹಿಡಿಯಬೇಕು ಅನ್ನುವ ಅಂದಾಜು ಸಿಗುತ್ತದೆ. ಅಣ್ಣ ಹೇಳಿದ 210 ಅಲ್ಲಿಂದ ಬಂದದ್ದು.

ಮಲಬದ್ಧತೆ ಇದೆಯಾ ಅಂತಲೂ ನೋಡಿ. ಕರುಳು ತುಂಬಿದ್ದರೆ ಮೂತ್ರಕೋಶವನ್ನು ಒತ್ತುತ್ತದೆ, ಪೂರ್ತಿ ಖಾಲಿ ಆಗಲು ಬಿಡುವುದಿಲ್ಲ.

ಕ್ಯಾತಿಟರ್ ಅಂದ ತಕ್ಷಣ ಎಲ್ಲ ಅಮ್ಮಂದಿರೂ ಕೇಳುವುದು ಒಂದೇ: ದಿನಾ ಒಳಗೆ ಹಾಕಿದರೆ ಸೋಂಕು ಆಗಲ್ವಾ? 1972ರವರೆಗೆ ಡಾಕ್ಟರುಗಳೂ ಹಾಗೇ ಅಂದುಕೊಂಡಿದ್ದರು. ಆಪರೇಷನ್ ಥಿಯೇಟರ್ ಹಾಗೆ ಕ್ರಿಮಿ ಇಲ್ಲದೆ ಹಾಕಬೇಕು ಅನ್ನುತ್ತಿದ್ದರು. ಮಿಷಿಗನ್‌ನ ಜ್ಯಾಕ್ ಲ್ಯಾಪಿಡೆಸ್ ಅನ್ನುವ ಯೂರಾಲಜಿಸ್ಟ್ ಅದನ್ನು ತಿರುಗಿಸಿ ಹಾಕಿದರು. ಸೋಂಕಿಗೆ ದೊಡ್ಡ ಕಾರಣ ಒಂದೆರಡು ಕ್ರಿಮಿ ಒಳಗೆ ಹೋಗುವುದಲ್ಲ, ಚೀಲ ಮಿತಿಮೀರಿ ಹಿಗ್ಗಿ ಗೋಡೆಗೆ ರಕ್ತ ಹರಿಯದೆ ಒಳಪದರ ಸೋಲುವುದು ಅಂದರು. ಕೈ ತೊಳೆದು, ಶುಚಿಯಾದ ಕ್ಯಾತಿಟರ್ ಹಾಕಿ, ಹೊತ್ತಿಗೆ ಸರಿಯಾಗಿ ಖಾಲಿ ಮಾಡಿದರೆ ಸಾಕು ಅಂತ ತೋರಿಸಿದರು. ಸಿಐಸಿ ಅಂತ ನಾವು ಇಂದು ಕಲಿಸುವುದು ಅದನ್ನೇ. ಸೂಕ್ಷ್ಮದರ್ಶಕ ಸರ್ ಹೇಳಿದ ಪದರದ ಮಾತಿಗೂ ಇದಕ್ಕೂ ಎಷ್ಟು ತಾಳೆ ಆಗುತ್ತದೆ ನೋಡಿ.

ಅಡಿಕೆ ಸೀಮೆ

ನಮಸ್ಕಾರ. ಒಂದು ಕಡೆ ನನಗೆ ಒಪ್ಪಿಗೆ ಇಲ್ಲ. ನನ್ನ ಅಣ್ಣನ ಮಗನಿಗೆ ಸಿಐಸಿ ಮಾಡುತ್ತಾರೆ. ಪ್ರತಿ ಸಲ ಕಲ್ಚರ್ ಮಾಡಿಸಿದಾಗಲೂ ಬ್ಯಾಕ್ಟೀರಿಯಾ ಬರುತ್ತದೆ. ಅದಕ್ಕೆ ಮದ್ದು ಕೊಡದೆ ಬಿಡುವುದು ಸರಿನಾ? ಅದು ಒಳಪದರವನ್ನು ತಿನ್ನುತ್ತಾ ಇರಲ್ವಾ?

ವಾರ್ಡ್ ಅಕ್ಕ

ಒಳ್ಳೇ ಪ್ರಶ್ನೆ ತಮ್ಮ. ಸಿಐಸಿ ಮಾಡುವ ಮಕ್ಕಳ ಉಚ್ಚೆಯಲ್ಲಿ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಜ್ವರ ಇಲ್ಲ, ಹೊಟ್ಟೆನೋವು ಇಲ್ಲ, ಇದ್ದಕ್ಕಿದ್ದಂತೆ ಸೋರುವುದು ಶುರು ಆಗಿಲ್ಲ ಅಂದರೆ ಸಾಮಾನ್ಯವಾಗಿ ಮದ್ದು ಕೊಡುವುದಿಲ್ಲ. ಕೊಟ್ಟರೆ ಸಾಧು ಬ್ಯಾಕ್ಟೀರಿಯಾ ಸತ್ತು ಹಟಮಾರಿಗಳು ಉಳಿಯುತ್ತವೆ. ಚೆನ್ನಾಗಿ ಆಡಿಕೊಂಡಿರುವ ಮಗುವಿಗೆ ಸುಮ್ನೆ ಕಲ್ಚರ್ ಮಾಡಿಸುವುದೇ ಬೇಡ. ಜ್ವರ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಅಡಿಕೆ ಸೀಮೆ

ಸರಿ ಅಕ್ಕ, ಅರ್ಥ ಆಯಿತು. ಇನ್ನೊಂದು. ನಮ್ಮೂರಲ್ಲಿ ಒಬ್ಬರು ನಾಟಿ ಮದ್ದು ಕೊಡುತ್ತಾರೆ. ಈಶ್ವರಿ ಬೇರಿನ ಕಷಾಯ. ಹಾವಿನ ವಿಷಕ್ಕೂ ಅದನ್ನೇ ಕೊಡುತ್ತಾರೆ. ಉಚ್ಚೆ ದಾರಿ ಶುದ್ಧ ಆಗುತ್ತದೆ ಅಂತ ಅಣ್ಣ ತರಲು ಹೊರಟಿದ್ದಾನೆ.

ಸೂಕ್ಷ್ಮದರ್ಶಕ

ದಯವಿಟ್ಟು ಈಗಲೇ ಫೋನ್ ಮಾಡಿ ನಿಲ್ಲಿಸಿ. ಕೈಮುಗಿದು ಕೇಳುತ್ತೇನೆ.

ಈಶ್ವರಿ ಬಳ್ಳಿ ಅರಿಸ್ಟೊಲೋಕಿಯ ಅನ್ನುವ ಗಿಡಗಳ ಕುಟುಂಬದ್ದು. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇರುತ್ತದೆ. ಕಿಡ್ನಿ ಮತ್ತು ಈ ಒಳಪದರ ಎರಡನ್ನೂ ಒಟ್ಟಿಗೆ ಹಾಳು ಮಾಡುವ ವಿಷ ಯಾವುದು ಅಂದರೆ ಮೊದಲು ಹೇಳುವ ಹೆಸರು ಅದು. ಬಲ್ಗೇರಿಯಾ, ಸರ್ಬಿಯಾ, ಕ್ರೊಯೇಷಿಯಾ ಕಡೆ ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಕೆಲವು ಹಳ್ಳಿಗಳಲ್ಲಿ ದಶಕಗಟ್ಟಲೆ ಒಂದು ಕಾಯಿಲೆ ಇತ್ತು. ಒಂದೇ ಮನೆಯಲ್ಲಿ ಅಪ್ಪ, ಅಮ್ಮ, ಸೊಸೆ ಎಲ್ಲರಿಗೂ ಕಿಡ್ನಿ ಕುಗ್ಗುತ್ತಿತ್ತು. ಅವರಲ್ಲಿ ಎಷ್ಟೋ ಜನರಿಗೆ ಕಿಡ್ನಿಯ ಲಾಳಿಕೆ ಮತ್ತು ನಾಳದ ಒಳಪದರದಲ್ಲೇ ಕ್ಯಾನ್ಸರ್ ಬರುತ್ತಿತ್ತು. ಗೋಧಿ ಹೊಲದಲ್ಲಿ ಕಳೆಯಾಗಿ ಬೆಳೆದ ಇದೇ ಕುಟುಂಬದ ಗಿಡದ ಬೀಜ ಹಿಟ್ಟಿಗೆ ಸೇರುತ್ತಿತ್ತು, ದಿನದ ರೊಟ್ಟಿಯಲ್ಲಿ ವಿಷ ಹೋಗುತ್ತಿತ್ತು. ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ತಪ್ಪಿ ಇದರ ಜಾತಿಯ ಬೇರು ಸೇರಿ, ಮಾತ್ರೆ ತಿಂದ ಹೆಂಗಸರ ಕಿಡ್ನಿ ಹೋಗಿದ್ದು 1993ರಲ್ಲಿ ಹೊರಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ.

ನಾಟಿ ಮದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮಜ್ಜಿಯ ಕಷಾಯ ಕುಡಿದೇ ಬೆಳೆದವನು ನಾನು. ಆದರೆ ಈ ಬೇರು ಕಿಡ್ನಿ ತೊಂದರೆ ಇರುವ ಮಗುವಿಗೆ ಬೇಡವೇ ಬೇಡ.

ಅಡಿಕೆ ಸೀಮೆ

ಫೋನ್ ಮಾಡಿದೆ ಸರ್. ಇನ್ನೂ ಕುಡಿಸಿರಲಿಲ್ಲ. ನಿಮ್ಮ ಉಪಕಾರ ಮರೆಯುವುದಿಲ್ಲ.

ತೆಂಗಿನತೋಟ

ಇದನ್ನು ಓದಿ ನನಗೂ ಭಯ ಆಯಿತು. ನಾವು ನಾಟಿ ಮದ್ದು ಕೊಟ್ಟಿಲ್ಲ. ಆದರೆ ಉಚ್ಚೆ ತೊಂದರೆಗೆ ಒಳ್ಳೆಯದು ಅಂತ ದಿನಾ ಎರಡು ಎಳನೀರು ಕೊಡುತ್ತಿದ್ದೇವೆ. ತೋಟದ್ದೇ, ಔಷಧಿ ಹೊಡೆಯದ್ದು. ಅದು ಪರವಾಗಿಲ್ಲ ಅಲ್ವಾ?

ಎರಡು ಕಿಡ್ನಿ ಒಂದು ಕಥೆ

ತಂಗಿ, ಇದನ್ನು ಡಾಕ್ಟರಿಗೆ ಹೇಳಲೇಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. 200 ಮಿಲಿ ಲೋಟದಲ್ಲಿ ಸುಮಾರು 500 ಮಿಲಿಗ್ರಾಂ ಇರಬಹುದು. ಕಿಡ್ನಿ ಇಳಿದವರಲ್ಲಿ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ನನಗೆ ಒಮ್ಮೆ 6.4 ಆಗಿ ರಾತ್ರೋರಾತ್ರಿ ಅಡ್ಮಿಟ್ ಆಗಿದ್ದೆ. ನಿಮ್ಮ ಮಗನ ಪೊಟ್ಯಾಸಿಯಂ ಎಷ್ಟಿದೆ ಅಂತ ರಿಪೋರ್ಟ್‌ನಲ್ಲಿ ನೋಡಿ. ಕಡಿಮೆ ಇದ್ದರೆ ಭಯ ಇಲ್ಲ, ಗೊತ್ತಾಗುವವರೆಗೆ ಬರೀ ನೀರು ಕೊಡಿ.

ಬಿಪಿ ನೋಡಿಸಿದ್ದೀರಾ? ಮಕ್ಕಳಿಗೂ ನೋಡಬೇಕು, ಸಣ್ಣ ಪಟ್ಟಿ ಕಟ್ಟಿ. ಯೂರೋಪಿನಲ್ಲಿ ಕಿಡ್ನಿ ತೊಂದರೆಯ 385 ಮಕ್ಕಳಿಗೆ ರಾಮಿಪ್ರಿಲ್ ಅನ್ನುವ ಬಿಪಿ ಮಾತ್ರೆ ಕೊಟ್ಟು, ಅರ್ಧದಷ್ಟು ಮಕ್ಕಳ ಬಿಪಿಯನ್ನು ಮಾಮೂಲಿ ಗುರಿಗಿಂತ ಇನ್ನೂ ಕೆಳಗೆ ಹಿಡಿದಿಟ್ಟರು. ಅವರ ಕಿಡ್ನಿ ಇಳಿಯುವುದು ನಿಧಾನ ಆಯಿತು ಅಂತ 2009ರಲ್ಲಿ ಪ್ರಕಟ ಆಗಿದೆ. ನನ್ನ ಡಾಕ್ಟರು ಇದನ್ನು ಹೇಳಿ ಹೇಳಿಯೇ ನನ್ನಿಂದ ಉಪ್ಪಿನಕಾಯಿ ಬಿಡಿಸಿದರು. ಆ ಮಾತ್ರೆಯೂ ಪೊಟ್ಯಾಸಿಯಂ ಏರಿಸುತ್ತದೆ, ಅದಕ್ಕೇ ಎಳನೀರಿನ ಮಾತು ಮೊದಲು ಹೇಳಿದೆ. ಜ್ವರಕ್ಕೆ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ.

ಹದಿನಾಲ್ಕರ ಅಪ್ಪ

ಪದರದ ಬೆಲೆ ನನಗೆ ಮನಸ್ಸಿಗೆ ನಾಟಿದ್ದು ಇನ್ನೊಂದು ಸಂದರ್ಭದಲ್ಲಿ. ಅದನ್ನೂ ಹೇಳಿಬಿಡುತ್ತೇನೆ.

ಮಗನಿಗೆ ಒಂಬತ್ತು ಆದಾಗ ಚೀಲ ಇನ್ನೂ ಸಣ್ಣದಾಯಿತು. ದೊಡ್ಡದು ಮಾಡಬೇಕು ಅಂದರು. ಸಾಮಾನ್ಯವಾಗಿ ಕರುಳಿನ ಒಂದು ತುಂಡು ತೆಗೆದು ಮೂತ್ರಕೋಶಕ್ಕೆ ತೇಪೆ ಹಾಕುತ್ತಾರೆ. ಒತ್ತಡ ಇಳಿಯುತ್ತದೆ, ಎಷ್ಟೋ ಮಕ್ಕಳ ಕಿಡ್ನಿ ಅದರಿಂದ ಉಳಿದಿದೆ. ಆದರೆ ಸರ್ಜನ್ ಕೂರಿಸಿಕೊಂಡು ಬಿಡಿಸಿ ಹೇಳಿದರು: ಕರುಳಿನ ಕೆಲಸ ಹೀರುವುದು. ಮೂತ್ರಕೋಶದಲ್ಲಿ ಕೂರಿಸಿದರೂ ಅದು ಹೀರುವುದನ್ನು ಮರೆಯುವುದಿಲ್ಲ. ಕಿಡ್ನಿ ಹೊರಗೆ ಹಾಕಿದ ಆಮ್ಲವನ್ನು ಮತ್ತೆ ರಕ್ತಕ್ಕೆ ಎಳೆಯುತ್ತದೆ. ಕಿಡ್ನಿ ಗಟ್ಟಿ ಇರುವ ಮಗು ತಡೆದುಕೊಳ್ಳಬಹುದು, ಇವನ ಕಿಡ್ನಿ ಮೊದಲೇ ಸೋತಿದೆ. ಆಮ್ಲ ಏರಿದರೆ ಮೂಳೆ ಸವೆಯುತ್ತದೆ, ಎತ್ತರ ಬೆಳೆಯುವುದಿಲ್ಲ. ಕರುಳು ಲೋಳೆ ಬಿಡುತ್ತದೆ, ಕಲ್ಲು ಕಟ್ಟುತ್ತದೆ.

ನಮ್ಮ ಪುಣ್ಯ, ಇವನ ಬಲಗಡೆ ಕಿಡ್ನಿ ಕೆಲಸವೇ ಮಾಡುತ್ತಿರಲಿಲ್ಲ, ಅದರ ನಾಳ ಮಾತ್ರ ಹೆಬ್ಬೆರಳಿಗಿಂತ ದಪ್ಪ ಊದಿತ್ತು. ಆ ಕಿಡ್ನಿ ತೆಗೆದು, ಊದಿದ ನಾಳವನ್ನೇ ಸೀಳಿ, ಅಗಲ ಮಾಡಿ, ಮೂತ್ರಕೋಶಕ್ಕೆ ಹೊಲಿದರು. ನಾಳದ ಒಳಪದರವೂ ಮೂತ್ರಕೋಶದ್ದೇ ಜಾತಿ ಅಲ್ವಾ, ಹೀರುವುದಿಲ್ಲ. ಕಾಯಿಲೆ ಊದಿಸಿದ ನಾಳವೇ ಕೊನೆಗೆ ಅವನನ್ನು ಕಾಯಿತು. ಅದೇ ಸಲ ಅಪೆಂಡಿಕ್ಸ್ ಅನ್ನು ಹೊಕ್ಕುಳಿಗೆ ದಾರಿಯಾಗಿ ಕೂರಿಸಿದರು. ಫ್ರಾನ್ಸಿನ ಮಿತ್ರೊಫಾನೊಫ್ ಅನ್ನುವ ಸರ್ಜನ್ 1980ರಲ್ಲಿ ಶುರು ಮಾಡಿದ ವಿಧಾನ ಅಂತೆ. ಪಿಯುವಿ ಮಕ್ಕಳಿಗೆ ಕೆಳಗಿನ ದಾರಿಯಲ್ಲಿ ಸ್ಪರ್ಶ ಪೂರ್ತಿ ಇರುತ್ತದೆ, ಕ್ಯಾತಿಟರ್ ಹಾಕಿದರೆ ನೋಯುತ್ತದೆ. ಹೊಕ್ಕುಳಿನಿಂದಾದರೆ ನೋವಿಲ್ಲ. ಈಗ ಶಾಲೆಯಲ್ಲಿ ಅವನೇ ಹಾಕಿಕೊಳ್ಳುತ್ತಾನೆ. ಬ್ಯಾಗಿನ ಸಣ್ಣ ಜೇಬಿನಲ್ಲಿ ಕ್ಯಾತಿಟರ್, ದೊಡ್ಡ ಜೇಬಿನಲ್ಲಿ ಕ್ರಿಕೆಟ್ ಚೆಂಡು. ಐದು ವರ್ಷದಿಂದ ಅವನ ಕಿಡ್ನಿ ಸೋಸುವ ಲೆಕ್ಕ 38ರ ಆಸುಪಾಸಿನಲ್ಲೇ ನಿಂತಿದೆ. ಮುಂದೆ ಒಂದು ದಿನ ಕಸಿ ಬೇಕಾಗಬಹುದು. ಆಗಲೂ ಹೊಸ ಕಿಡ್ನಿ ಈ ಚೀಲಕ್ಕೇ ಉಚ್ಚೆ ಬಿಡಬೇಕು, ಅದಕ್ಕೇ ಚೀಲವನ್ನು ಈಗಿನಿಂದ ಚೆನ್ನಾಗಿ ಇಟ್ಟುಕೊಳ್ಳಿ ಅನ್ನುತ್ತಾರೆ.

ತೆಂಗಿನತೋಟ

ಎಲ್ಲರಿಗೂ ಮತ್ತೆ ನಮಸ್ಕಾರ. ಏಳು ವಾರ ಆಯಿತು, ಬರೆಯಲು ಆಗಲಿಲ್ಲ.

ವಾರ್ಡ್ ಅಕ್ಕ ಹೇಳಿದ ಹಾಗೆ ಭಾನುವಾರ ಲೋಟ ಇಟ್ಟುಕೊಂಡು ಬರೆದೆವು. ಅವನಿಗೆ ಅದು ಆಟ ಆಗಿಹೋಯಿತು, ತಾನೇ ಲೋಟ ಹಿಡಿದು 70, 60, 80 ಅಂತ ಕೂಗುತ್ತಿದ್ದ. ಎರಡನೇ ಸಲ ಹೋದಾಗ ಮತ್ತೆ 50 ಬರುತ್ತಿತ್ತು. ಹಾಳೆ ನೋಡಿ ಡಾಕ್ಟರು "ಇದನ್ನು ಯಾರು ಹೇಳಿಕೊಟ್ಟರು" ಅಂತ ಕೇಳಿದರು. ಚೀಲ ತುಂಬಿಸುತ್ತಾ ಒಳಗಿನ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆ ಮಾಡಿಸಿದರು. 120 ಮಿಲಿ ತುಂಬುವಷ್ಟರಲ್ಲೇ ಒತ್ತಡ 45 ದಾಟಿತ್ತು. ಪೊಟ್ಯಾಸಿಯಂ 5.6. ಎಳನೀರು ನಿಲ್ಲಿಸಿದೆವು. ಚೀಲ ಸಡಿಲ ಆಗುವ ಮಾತ್ರೆ ಶುರು ಆಗಿದೆ, ಪೊಟ್ಯಾಸಿಯಂ ಇಳಿದ ಮೇಲೆ ಬಿಪಿ ಮಾತ್ರೆಯೂ.

ಸಿಐಸಿ ಕಲಿಯಲು ನಾಲ್ಕು ದಿನ ಅಲ್ಲೇ ಇದ್ದೆವು. ಮೊದಲ ದಿನ ನನ್ನ ಕೈ ನಡುಗಿ ಆಗಲೇ ಇಲ್ಲ. ಅವರಪ್ಪ ಮಾಡಿದರು. ಈಗ ನಾನೂ ಮಾಡುತ್ತೇನೆ. ರಾತ್ರಿ ಹತ್ತಕ್ಕೆ ಬ್ಯಾಗ್ ಹಾಕುತ್ತೇವೆ. ಮೊದಲ ಬೆಳಗ್ಗೆ 740 ಮಿಲಿ ಇತ್ತು. ಹುಬ್ಬಳ್ಳಿ ಅಣ್ಣ, ನೀವು ಬರೆದದ್ದು ನೆನಪಾಗಿ ನಾನೂ ಅತ್ತೆ.

ಹಾಸಿಗೆ ಈಗ ಒಣಗಿರುತ್ತದೆ. ನಿನ್ನೆ ಅವನು ಎದ್ದವನೇ ಅಜ್ಜಿಯನ್ನು ಕೈಹಿಡಿದು ಎಳೆದುಕೊಂಡು ಬಂದು, ದುಪ್ಪಟಿ ಮುಟ್ಟಿ ನೋಡಿ ಅಂದ.